ಸ್ಪ್ಯಾನಿಷ್, ಹಿಸ್ಪಾನಿಕ್, ಲ್ಯಾಟಿನ್ ಅಮೆರಿಕನ್, ಲ್ಯಾಟಿನೋ ಸ್ಟಡೀಸ್: ಇವುಗಳಲ್ಲಿ ಯಾವ ಮೇಜರ್ (ಡಿಗ್ರಿಯ ಮುಖ್ಯ ವಿಷಯ) ತಗೊಳ್ಳುವುದು?

ಕಡಿಯಾಳಿ_ಪೇಟೆ

ಎಲ್ಲರಿಗೂ ನಮಸ್ಕಾರ. ಊರು ಉಡುಪಿ. ದ್ವಿತೀಯ ಪಿಯುಸಿ, ಕಲಾ ವಿಭಾಗ. ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರ. ಡಿಗ್ರಿಗೆ ಅಮೆರಿಕಕ್ಕೆ ಅರ್ಜಿ ಹಾಕುವ ಯೋಚನೆ ಉಂಟು. ಓದಬೇಕು ಅಂತಿರುವುದು ವಲಸೆಯ ಬಗ್ಗೆ. ನಮ್ಮ ಕಡೆಯವರು ಗಲ್ಫಿಗೆ ಹೋದ ಹಾಗೆ ಮೆಕ್ಸಿಕೋ, ಗ್ವಾಟೆಮಾಲಾ ಕಡೆಯಿಂದ ಅಮೆರಿಕಕ್ಕೆ ದುಡಿಯಲಿಕ್ಕೆ ಹೋಗುವವರ ವಿಷಯ.

ಆದರೆ ಕ್ಯಾಟಲಾಗ್ ತೆರೆದರೆ ತಲೆ ಕೆಡುತ್ತದೆ. ಒಂದೇ ಕ್ಯಾಂಪಸ್ಸಿನಲ್ಲಿ ಸ್ಪ್ಯಾನಿಷ್ ಬೇರೆ, ಲ್ಯಾಟಿನ್ ಅಮೆರಿಕನ್ ಸ್ಟಡೀಸ್ ಬೇರೆ, ಚಿಕಾನೋ ಸ್ಟಡೀಸ್ ಬೇರೆ. ಇನ್ನೊಂದು ಕಡೆ ಹಿಸ್ಪಾನಿಕ್ ಸ್ಟಡೀಸ್, ಮತ್ತೊಂದು ಕಡೆ ಲ್ಯಾಟಿನೋ ಸ್ಟಡೀಸ್. ಇವು ಒಂದೇ ಸರಕಿಗೆ ಬೇರೆ ಬೇರೆ ಲೇಬಲ್ಲೋ, ನಿಜವಾಗಿ ಬೇರೆಯೋ? ಸ್ಪ್ಯಾನಿಷ್ ಈಗ ಸೊನ್ನೆ. ನಾಲ್ಕು ವರ್ಷದೊಳಗೆ ಮುಗಿಯುತ್ತದಾ? ಮುಗಿದ ಮೇಲೆ ಕೆಲಸ, ವೀಸಾದ ಕತೆ ಏನು? ಗೊತ್ತಿದ್ದವರು ದಯವಿಟ್ಟು ವಿವರವಾಗಿ ಹೇಳಿ.

ಪಾಂಡೇಶ್ವರ

ಒಂದೇ ಸರಕಲ್ಲ. ಹುಟ್ಟಿದ ಕಾರಣವೇ ಬೇರೆ ಬೇರೆ, ಅದು ಗೊತ್ತಾದರೆ ಅರ್ಧ ಗೊಂದಲ ಹೋಗುತ್ತದೆ.

ಮೊದಲು ಶಬ್ದ. ಹಿಸ್ಪಾನಿಕ್ ಅಂದರೆ ಸ್ಪ್ಯಾನಿಷ್ ಭಾಷೆಯ ನಂಟು. ಅದರಲ್ಲಿ ಸ್ಪೇನ್ ಬರುತ್ತದೆ, ಪೋರ್ಚುಗೀಸ್ ಮಾತಾಡುವ ಬ್ರೆಜಿಲ್ ಬರುವುದಿಲ್ಲ. ಲ್ಯಾಟಿನೋ ಅಂದರೆ ಲ್ಯಾಟಿನ್ ಅಮೆರಿಕದ ನಂಟು. ಅದರಲ್ಲಿ ಬ್ರೆಜಿಲ್ ಬರುತ್ತದೆ, ಸ್ಪೇನ್ ಇಲ್ಲ. ಅಮೆರಿಕದ ಸರ್ಕಾರ 1980ರ ಜನಗಣತಿಯಲ್ಲಿ ಸ್ಪ್ಯಾನಿಷ್/ಹಿಸ್ಪಾನಿಕ್ ಮೂಲದ ಪ್ರಶ್ನೆಯನ್ನು ಎಲ್ಲ ಮನೆಗಳಿಗೂ ಕೇಳಿತು. 1997ರಿಂದ ಸರ್ಕಾರಿ ಲೆಕ್ಕದಲ್ಲಿ ‘ಹಿಸ್ಪಾನಿಕ್ ಅಥವಾ ಲ್ಯಾಟಿನೋ’ ಎಂದು ಜೋಡಿಯಾಗಿ ಬರುತ್ತದೆ. 2020ರ ಜನಗಣತಿಯಲ್ಲಿ ಈ ಲೆಕ್ಕಕ್ಕೆ ಸೇರಿದವರು 6.2 ಕೋಟಿ ಜನ. ಅರ್ಜಿಯಲ್ಲಿ ನೀವು ಟಿಕ್ ಹಾಕುವ ಆ ಪೆಟ್ಟಿಗೆ ಬೇರೆ, ಓದುವ ವಿಷಯ ಬೇರೆ, ಎರಡನ್ನೂ ಬೆರೆಸಬೇಡಿ.

ಈಗ ವಿಭಾಗಗಳು. ಲ್ಯಾಟಿನ್ ಅಮೆರಿಕನ್ ಸ್ಟಡೀಸ್ ಶೀತಲ ಸಮರದ ಕಾಲದಲ್ಲಿ ದುಡ್ಡು ಸಿಕ್ಕಿ ಬೆಳೆದದ್ದು. 1957ರಲ್ಲಿ ಸೋವಿಯತ್ ಒಕ್ಕೂಟದ ಸ್ಪುಟ್ನಿಕ್ ಉಪಗ್ರಹ ಹಾರಿತು, 1958ರಲ್ಲಿ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯ್ದೆ ಬಂತು, ಅದರ ಆರನೇ ಅಧ್ಯಾಯದಡಿ ವಿದೇಶಿ ಭಾಷೆ ಮತ್ತು ಪ್ರದೇಶ ಅಧ್ಯಯನ ಕೇಂದ್ರಗಳಿಗೆ ಅನುದಾನ ಹರಿಯಿತು. 1959ರ ಕ್ಯೂಬಾ ಕ್ರಾಂತಿ ಆದ ಮೇಲಂತೂ ಕೇಳುವುದೇ ಬೇಡ. ಹಾಗಾಗಿ ಇದು ಹೊರಗಿನಿಂದ ಒಂದು ಪ್ರದೇಶವನ್ನು ನೋಡುವ ಓದು: ಇತಿಹಾಸ, ರಾಜಕೀಯ, ಅರ್ಥಶಾಸ್ತ್ರ, ಮಾನವಶಾಸ್ತ್ರ ಎಲ್ಲದರಿಂದ ಸ್ವಲ್ಪ ಸ್ವಲ್ಪ. ಅಧ್ಯಾಪಕರು ಸಾಮಾನ್ಯವಾಗಿ ಬೇರೆ ವಿಭಾಗದಲ್ಲಿದ್ದು ಇಲ್ಲಿಗೂ ಕಲಿಸುವವರು.

ಚಿಕಾನೋ ಅಂದರೆ ಮೆಕ್ಸಿಕನ್ ಮೂಲದ ಅಮೆರಿಕನ್ನರು. ಚಿಕಾನೋ ಸ್ಟಡೀಸ್ ಬೀದಿಯಿಂದ ಬಂದದ್ದು. 1968ರಲ್ಲಿ ಪೂರ್ವ ಲಾಸ್ ಏಂಜಲೀಸಿನ ಹೈಸ್ಕೂಲು ಮಕ್ಕಳು ತರಗತಿ ಬಿಟ್ಟು ಹೊರನಡೆದರು. ಅದೇ ವರ್ಷ ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್ ಕಾಲೇಜಿನಲ್ಲಿ ತಿಂಗಳುಗಟ್ಟಲೆ ಮುಷ್ಕರ ಶುರುವಾಯಿತು. 1969ರಲ್ಲಿ ಸಾಂತಾ ಬಾರ್ಬರಾದಲ್ಲಿ ಸೇರಿ ಈ ಓದು ಹೇಗಿರಬೇಕು ಎಂಬ ಯೋಜನೆ ಬರೆದರು. ತಮ್ಮದೇ ಜನರ ಬಗ್ಗೆ, ಅಮೆರಿಕದ ಒಳಗಿನಿಂದ ಮಾಡುವ ಓದು. ಕ್ಯಾಲಿಫೋರ್ನಿಯಾ, ಟೆಕ್ಸಾಸ್ ಕಡೆ ಮೆಕ್ಸಿಕನ್ ಅಮೆರಿಕನ್ನರ ಮೇಲೆ ಒತ್ತು, ನ್ಯೂಯಾರ್ಕ್ ಕಡೆ ಪೋರ್ಟೊ ರಿಕೊದವರ ಮೇಲೆ. ಲ್ಯಾಟಿನೋ ಸ್ಟಡೀಸ್ ಇವೆಲ್ಲವನ್ನೂ ಒಟ್ಟಿಗೆ ಹಿಡಿಯುವ ಛತ್ರಿ.

ಸ್ಪ್ಯಾನಿಷ್ ಮೇಜರ್ ಭಾಷೆ, ಸಾಹಿತ್ಯ, ಭಾಷಾಶಾಸ್ತ್ರ. ಮೇಲಿನ ತರಗತಿಗಳೆಲ್ಲ ಸ್ಪ್ಯಾನಿಷಿನಲ್ಲೇ ನಡೆಯುತ್ತವೆ. ಹಿಸ್ಪಾನಿಕ್ ಸ್ಟಡೀಸ್ ಎಂಬ ಹೆಸರು ಮಾತ್ರ ಮೋಸ ಮಾಡುತ್ತದೆ. ಕೆಲವು ಕಡೆ ಅದು ಹಳೆಯ ಸ್ಪ್ಯಾನಿಷ್ ಮೇಜರಿಗೇ ಹೊಸ ಬೋರ್ಡು. ಕೆಲವು ಕಡೆ ಸಿನೆಮಾ, ಚರಿತ್ರೆ, ಸಂಸ್ಕೃತಿ ಸೇರಿಸಿ ಅಗಲ ಮಾಡಿದ್ದು.

ಉದಾಹರಣೆಗೆ ಲಾಸ್ ಏಂಜಲೀಸಿನ ಯುಸಿಎಲ್‌ಎ ವಿಶ್ವವಿದ್ಯಾಲಯ. ಅಲ್ಲಿ ಸ್ಪ್ಯಾನಿಷ್ ಮತ್ತು ಪೋರ್ಚುಗೀಸ್ ವಿಭಾಗ ಒಂದು, ಲ್ಯಾಟಿನ್ ಅಮೆರಿಕನ್ ಸ್ಟಡೀಸ್ ಮೇಜರ್ ಒಂದು, ಸೀಸರ್ ಚಾವೇಜ್ ಹೆಸರಿನ ಚಿಕಾನೋ ಮತ್ತು ಮಧ್ಯ ಅಮೆರಿಕನ್ ಅಧ್ಯಯನ ವಿಭಾಗ ಮತ್ತೊಂದು. ಡಾರ್ಟ್‌ಮತ್ ಮತ್ತು ಅಮ್ಹರ್ಸ್ಟ್ ಕಾಲೇಜುಗಳಲ್ಲಿ ಲ್ಯಾಟಿನ್ ಅಮೆರಿಕನ್ ಮತ್ತು ಲ್ಯಾಟಿನೋ ಎರಡನ್ನೂ ಸೇರಿಸಿ ಒಂದೇ ಮೇಜರ್ ಮಾಡಿದ್ದಾರೆ. ಮೆಕ್ಸಿಕೋದ ಹಳ್ಳಿಯಿಂದ ಕ್ಯಾಲಿಫೋರ್ನಿಯಾದ ತೋಟದವರೆಗೆ ಒಬ್ಬನ ದಾರಿಯನ್ನು ಹಿಡಿದು ಹೋಗುವುದು ನಿಮ್ಮ ಆಸಕ್ತಿಯಾದರೆ ಈ ಜೋಡಿ ಮೇಜರುಗಳು ಚಂದ ಹೊಂದುತ್ತವೆ. ವಲಸೆಗಾರ ಗಡಿಯ ಎರಡೂ ಬದಿಯಲ್ಲಿ ಇರುತ್ತಾನೆ, ಬೇರೆ ಬೇರೆ ವಿಭಾಗಗಳು ಅವನನ್ನು ಗಡಿಯಲ್ಲೇ ಕತ್ತರಿಸುತ್ತವೆ.

ಹುಡುಕುವಾಗ ಒಂದು ಎಚ್ಚರ: ಲ್ಯಾಟಿನೋ, ಲ್ಯಾಟಿನಾ, ಲ್ಯಾಟಿನೆಕ್ಸ್, ಲ್ಯಾಟಿನೆ, ಚಿಕಾನಾ, ಚಿಕಾನೆಕ್ಸ್ ಹೀಗೆ ಕಾಗುಣಿತ ಹತ್ತು ಬಗೆ. ಒಂದನ್ನು ಮಾತ್ರ ಟೈಪ್ ಮಾಡಿ ‘ಇಲ್ಲಿ ಇಲ್ಲ’ ಅಂತ ಬಿಟ್ಟುಬಿಡಬೇಡಿ. ಕೆಲವು ಕಡೆ ಇದು ಎಥ್ನಿಕ್ ಸ್ಟಡೀಸ್ (ಜನಾಂಗೀಯ ಸಮುದಾಯಗಳ ಓದು) ಒಳಗೆ ಅಡಗಿರುತ್ತದೆ. ಯೇಲ್‌ನಲ್ಲಿ ‘ಎಥ್ನಿಸಿಟಿ, ರೇಸ್ ಅಂಡ್ ಮೈಗ್ರೇಷನ್’ ಎಂಬ ಮೇಜರ್ ಉಂಟು. ಹೆಸರಿನಲ್ಲಿ ಲ್ಯಾಟಿನೋ ಇಲ್ಲ, ಆದರೆ ನೀವು ಕೇಳಿದ ವಿಷಯ ಅಲ್ಲಿದೆ.

ಕಲ್ಸಂಕ_ಸೇತುವೆ

ಮೇಲಿನವರು ಹೇಳಿದ್ದು ಸರಿ. ಆದರೆ ನಿಮ್ಮ ಮೇಜರನ್ನು ನಿರ್ಧರಿಸುವುದು ಆಸಕ್ತಿಗಿಂತ ಮೊದಲು ಕ್ರೆಡಿಟ್ ಲೆಕ್ಕ. ಸ್ಪ್ಯಾನಿಷ್ ಸೊನ್ನೆ ಅಂದಿರಲ್ಲ, ಅಲ್ಲೇ ವಿಷಯ ಇರುವುದು.

ಸೆಮಿಸ್ಟರ್ ಪದ್ಧತಿಯಲ್ಲಿ ಡಿಗ್ರಿಗೆ 120 ಕ್ರೆಡಿಟ್. ಅದರಲ್ಲಿ ಸುಮಾರು 40 ಎಲ್ಲರೂ ಮಾಡಲೇಬೇಕಾದ ಸಾಮಾನ್ಯ ವಿಷಯಗಳು. ಮೇಜರಿಗೆ 30ರಿಂದ 36, ಮೈನರಿಗೆ, ಅಂದರೆ ಉಪವಿಷಯಕ್ಕೆ, 15ರಿಂದ 20ರ ಆಸುಪಾಸು. ಉಳಿದದ್ದು ನಿಮ್ಮ ಇಷ್ಟ. ಯುಸಿಎಲ್‌ಎಯಂತಹ ಕ್ವಾರ್ಟರ್ ಪದ್ಧತಿಯ ಕಡೆ 180 ಯೂನಿಟ್ ಅಂತ ಕಂಡು ಹೆದರಬೇಡಿ. ಅವರ 3 ಯೂನಿಟ್ ಇವರ 2 ಕ್ರೆಡಿಟ್ಟಿಗೆ ಸಮ.

ಸ್ಪ್ಯಾನಿಷ್ ಮೇಜರಿನ 30 ಚಿಲ್ಲರೆ ಕ್ರೆಡಿಟ್ ಹೆಚ್ಚಿನ ಕಡೆ ಲೆಕ್ಕಕ್ಕೆ ಶುರುವಾಗುವುದೇ 300ರ ಸಂಖ್ಯೆಯ ಮೇಲ್ಮಟ್ಟದ ಕೋರ್ಸುಗಳಿಂದ. ಅದಕ್ಕೆ ಮೊದಲು 101, 102, 201, 202 ಅಂತ ನಾಲ್ಕು ಮೆಟ್ಟಿಲು, ಒಟ್ಟು 12ರಿಂದ 16 ಕ್ರೆಡಿಟ್. ಇವು ಡಿಗ್ರಿಯ 120ಕ್ಕೆ ಸೇರುತ್ತವೆ, ಮೇಜರಿಗೆ ಸೇರುವುದಿಲ್ಲ. ಮೆಟ್ಟಿಲಾದ್ದರಿಂದ ಒಂದನ್ನು ಬಿಟ್ಟು ಇನ್ನೊಂದಕ್ಕೆ ಹಾರಲಿಕ್ಕೂ ಆಗುವುದಿಲ್ಲ. ಸೊನ್ನೆಯಿಂದ ಹೊರಟವರಿಗೆ ಎರಡು ವರ್ಷ ಮೆಟ್ಟಿಲಲ್ಲೇ ಹೋಯಿತು. ಐದನೇ ಸೆಮಿಸ್ಟರಿನಲ್ಲಿ ರಚನೆ ಮತ್ತು ವ್ಯಾಕರಣದ ಸೇತುವೆ ಕೋರ್ಸು, ಉಳಿದ ಮೂರರಲ್ಲಿ ಎಂಟೊಂಬತ್ತು ಮೇಲ್ಮಟ್ಟದ ಕೋರ್ಸು ತುರುಕಬೇಕು. ಆಗುತ್ತದೆ, ಆದರೆ ಉಸಿರು ಬಿಡಲಿಕ್ಕೆ ಜಾಗ ಇಲ್ಲ. 202ರಲ್ಲಿ ಒಮ್ಮೆ ಫೇಲಾದರೆ, ಅಥವಾ ಸೇತುವೆ ಕೋರ್ಸು ಆ ಕಾಲೇಜಿನಲ್ಲಿ ಜನವರಿ ಸೆಮಿಸ್ಟರಿನಲ್ಲಿ ಮಾತ್ರ ನಡೆಯುವುದಾದರೆ, ಇಡೀ ಸರಪಳಿ ಅರ್ಧ ವರ್ಷ ಹಿಂದೆ ಸರಿಯುತ್ತದೆ. ಒಂದು ಸೆಮಿಸ್ಟರ್ ಜಾಸ್ತಿ ಅಂದರೆ ಫೀಸು, ಬಾಡಿಗೆ, ಊಟ ಎಲ್ಲ ಜಾಸ್ತಿ. ಐ-20 (ವಿದ್ಯಾರ್ಥಿ ವೀಸಾಕ್ಕಾಗಿ ಕಾಲೇಜು ಕೊಡುವ ಪತ್ರ) ಅವಧಿ ವಿಸ್ತರಿಸಲಿಕ್ಕೂ ಕಾರಣ ಕೊಡಬೇಕು.

ಬೇರೆ ಮೇಜರುಗಳಲ್ಲಿ ಭಾಷೆಯ ಬಿಗಿ ಬೇರೆ. ಲ್ಯಾಟಿನ್ ಅಮೆರಿಕನ್ ಸ್ಟಡೀಸಿಗೆ ಸ್ಪ್ಯಾನಿಷ್ ಅಥವಾ ಪೋರ್ಚುಗೀಸ್ ಮಧ್ಯಮ ಮಟ್ಟದವರೆಗೆ ಕೇಳುವುದು ವಾಡಿಕೆ, ಪಾಠ ಬಹುಪಾಲು ಇಂಗ್ಲಿಷಿನಲ್ಲಿ. ಲ್ಯಾಟಿನೋ ಅಥವಾ ಚಿಕಾನೋ ಸ್ಟಡೀಸಿನಲ್ಲಿ ಪಾಠ ಇಂಗ್ಲಿಷಿನಲ್ಲೇ, ಭಾಷೆಯ ನಿಯಮ ಸಡಿಲ. ಆದರೆ ನಿಯಮ ಇಲ್ಲ ಅಂತ ಭಾಷೆ ಬೇಡ ಅಂದುಕೊಂಡರೆ ಸಂದರ್ಶನ ಮಾಡಲಿಕ್ಕೆ ಹೋದಾಗ ಬಾಯಿ ಕಟ್ಟುತ್ತದೆ. ಕೃಷಿ ಕಾರ್ಮಿಕರ ಬಗ್ಗೆ ಓದುವವರಿಗಂತೂ ಸ್ಪ್ಯಾನಿಷೂ ಸಾಲುವುದಿಲ್ಲ. ಗ್ವಾಟೆಮಾಲಾದಿಂದ ಬರುವವರಲ್ಲಿ ಎಷ್ಟೋ ಜನರ ಮನೆಮಾತು ಮಾಯಾ ಭಾಷೆಗಳು, ಓಹಾಕಾ ಕಡೆಯವರದು ಮಿಶ್ತೆಕ್, ಸಪೋತೆಕ್. ಮನೆಯಲ್ಲಿ ತುಳು ಅಥವಾ ಕೊಂಕಣಿ, ಶಾಲೆಯಲ್ಲಿ ಕನ್ನಡ ಇರುವ ನಮ್ಮೂರಿನವರಿಗೆ ಇದು ಬಿಡಿಸಿ ಹೇಳಬೇಕಾದ ಸಂಗತಿಯಲ್ಲ.

ಆದ್ದರಿಂದ ಸ್ಪ್ಯಾನಿಷ್ ಈಗಲೇ ಶುರು ಮಾಡಿ. ಅಮೆರಿಕದ ವಿದೇಶಾಂಗ ಇಲಾಖೆಯ ತರಬೇತಿ ಲೆಕ್ಕದಲ್ಲಿ, ಇಂಗ್ಲಿಷ್ ಬಲ್ಲವರಿಗೆ ಸ್ಪ್ಯಾನಿಷಿನಲ್ಲಿ ಕೆಲಸ ಮಾಡುವಷ್ಟು ಹಿಡಿತ ಬರಲು ಸುಮಾರು 600ರಿಂದ 750 ಗಂಟೆ ತರಗತಿ ಬೇಕು. ನಿಮಗೆ ಅಷ್ಟು ಬೇಡ. ಹೊರಡುವ ಮೊದಲು ಬಿ1, ಅಂದರೆ ಮಧ್ಯಮ ಮಟ್ಟ, ಮುಟ್ಟಿದರೆ ಎರಡು ವರ್ಷದ ಮೆಟ್ಟಿಲಲ್ಲಿ ದೊಡ್ಡ ಪಾಲು ಉಳಿಯುತ್ತದೆ. ದಿನಕ್ಕೆ ಒಂದು ಗಂಟೆ, ವಾರಕ್ಕೆ ಆರು ದಿನ ಅಂದರೆ ವರ್ಷಕ್ಕೆ 300 ಗಂಟೆ ದಾಟುತ್ತದೆ. ಆನ್‌ಲೈನಿನಲ್ಲಿ ಮೆಕ್ಸಿಕೋದ ಶಿಕ್ಷಕರು ಸಿಕ್ಕಿದರೆ ಸಮಯವೂ ಹೊಂದುತ್ತದೆ: ಮೆಕ್ಸಿಕೋ ನಗರ ನಮಗಿಂತ ಹನ್ನೊಂದೂವರೆ ಗಂಟೆ ಹಿಂದೆ, ಅವರ ಸಂಜೆ ಏಳು ನಮಗೆ ಮರುದಿನ ಬೆಳಿಗ್ಗೆ ಆರೂವರೆ. ಕಾಲೇಜು ಬಸ್ಸಿಗೆ ಮೊದಲು ಮುಗಿಯುತ್ತದೆ.

ಉಚ್ಚಾರಣೆಯಲ್ಲಿ ನಮಗೆ ಅನುಕೂಲ ಉಂಟು, ಬಳಸಿಕೊಳ್ಳಿ. ಸ್ಪ್ಯಾನಿಷಿನ ಟಿ, ಡಿ ಅಕ್ಷರಗಳು ನಮ್ಮ ತ, ದ. ಇಂಗ್ಲಿಷಿನ ಅಭ್ಯಾಸದಲ್ಲಿ ಟ, ಡ ಅನ್ನಬೇಡಿ. ಸ್ವರಗಳು ಐದೇ, ಹ್ರಸ್ವ ದೀರ್ಘದ ಗಲಾಟೆ ಇಲ್ಲ. ಒಂಟಿ ‘ರ’ ಮತ್ತು ಉರುಳುವ ‘ರ್ರ’ ಮಾತ್ರ ಬೇರೆ ಮಾಡಿ: ‘ಪೆರೊ’ ಅಂದರೆ ಆದರೆ, ‘ಪೆರ್ರೊ’ ಅಂದರೆ ನಾಯಿ. ಕನ್ನಡದವರು ಎಡವುವುದು ಲಿಂಗದಲ್ಲಿ. ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ ಅನ್ನುವುದು ನಮಗೆ ತಲೆಗೆ ಹೋಗುವುದಿಲ್ಲ. ಕೊಂಕಣಿಯವರಿಗೆ ಅದು ಸಲೀಸು.

ಹಂಪನಕಟ್ಟೆ_ಸರ್ಕಲ್

ಕೊಂಕಣಿ ಬಂತಲ್ಲ, ಒಂದು ಕುಶಾಲು. ನಮ್ಮ ‘ಪಗಾರ’ ಪೋರ್ಚುಗೀಸಿನ ‘ಪಗಾರ್’, ಸ್ಪ್ಯಾನಿಷಿನಲ್ಲೂ ಅದೇ ಶಬ್ದ, ಹಣ ಕೊಡು ಅಂತ. ‘ಮೇಜು’ ಅಲ್ಲಿ ‘ಮೆಸಾ’. ಪಾದ್ರಿ ಅಲ್ಲಿ ‘ಪಾದ್ರೆ’. ಸೊನ್ನೆ ಅಂದುಕೊಂಡವರಿಗೂ ಮೂರು ಶಬ್ದ ಬಂತು ನೋಡಿ.

ಬೋಳಾರ_ದಕ್ಕೆ

ಕುಶಾಲು ಇರಲಿ. ಯಾರೂ ಹೇಳದ ಕಹಿ ಹೇಳಿಬಿಡುತ್ತೇನೆ, ಬೇಜಾರು ಮಾಡಬೇಡಿ.

ಪ್ರತಿ ಮೇಜರಿಗೂ ಅಮೆರಿಕದಲ್ಲಿ ಆರಂಕಿಯ ಒಂದು ಸಿಐಪಿ ಸಂಖ್ಯೆ ಉಂಟು, ಅದು ನಿಮ್ಮ ಐ-20 ಪತ್ರದಲ್ಲಿ ಅಚ್ಚಾಗುತ್ತದೆ. ಲ್ಯಾಟಿನ್ ಅಮೆರಿಕನ್ ಸ್ಟಡೀಸ್ 05.0107. ಹಿಸ್ಪಾನಿಕ್ ಅಮೆರಿಕನ್, ಪೋರ್ಟೊ ರಿಕನ್, ಚಿಕಾನೋ ಸ್ಟಡೀಸ್ 05.0203. ಸ್ಪ್ಯಾನಿಷ್ ಭಾಷೆ ಸಾಹಿತ್ಯ 16.0905. ಈ ಮೂರರಲ್ಲಿ ಒಂದೂ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿಲ್ಲ. ಡಿಗ್ರಿ ಮುಗಿದ ಮೇಲೆ ಒಪಿಟಿ ಎಂಬ ತಾತ್ಕಾಲಿಕ ಅನುಮತಿಯಲ್ಲಿ ಕೆಲಸ ಮಾಡಲಿಕ್ಕೆ ಸಿಗುವುದು 12 ತಿಂಗಳು. ಸ್ಟೆಮ್‌ನವರಿಗೆ ಸಿಗುವ ಹೆಚ್ಚುವರಿ 24 ತಿಂಗಳು ನಿಮಗಿಲ್ಲ. ಆ 12 ತಿಂಗಳಲ್ಲೂ ಕೆಲಸವಿಲ್ಲದ ದಿನ ಒಟ್ಟು 90 ಮೀರುವ ಹಾಗಿಲ್ಲ, ಮತ್ತು ಕೆಲಸ ಮೇಜರಿಗೆ ನೇರವಾಗಿ ಸಂಬಂಧಪಟ್ಟದ್ದಾಗಿರಬೇಕು. ಅರ್ಜಿಯನ್ನು ಕೋರ್ಸು ಮುಗಿಯುವ 90 ದಿನ ಮೊದಲಿನಿಂದ ಮುಗಿದ 60 ದಿನದೊಳಗೆ ಹಾಕಬೇಕು. ಕೊನೆಯ ವಾರಕ್ಕೆ ಇಟ್ಟುಕೊಂಡರೆ ಅನುಮತಿಯ ಕಾರ್ಡು ಬರುವಾಗ ಅರ್ಧ ವರ್ಷ ಹೋಗಿರುತ್ತದೆ.

ಇದಕ್ಕೊಂದು ದಾರಿ ಎರಡು ಮೇಜರ್. ಅರ್ಥಶಾಸ್ತ್ರ ಆಸಕ್ತಿ ಇದೆಯಲ್ಲ? ಆದರೆ ಸಾಮಾನ್ಯ ಅರ್ಥಶಾಸ್ತ್ರ 45.0601, ಅದು ಸ್ಟೆಮ್ ಅಲ್ಲ. ಎಕನಾಮೆಟ್ರಿಕ್ಸ್ ಮತ್ತು ಕ್ವಾಂಟಿಟೇಟಿವ್ ಎಕನಾಮಿಕ್ಸ್ 45.0603, ಅದು ಸ್ಟೆಮ್. ಕೆಲವು ವಿಶ್ವವಿದ್ಯಾಲಯಗಳು ತಮ್ಮ ಅರ್ಥಶಾಸ್ತ್ರ ಮೇಜರನ್ನೇ ಈ ಎರಡನೇ ಸಂಖ್ಯೆಯಡಿ ದಾಖಲಿಸಿವೆ, ಹೆಸರು ನೋಡಿದರೆ ಗೊತ್ತಾಗುವುದಿಲ್ಲ. ಇಮೇಲ್ ಮಾಡಿ ಸಂಖ್ಯೆಯನ್ನೇ ಕೇಳಿ. ಎರಡನೇ ಮೇಜರ್ ಐ-20ಯಲ್ಲಿ ಸೇರಿದೆಯೇ ಎಂದು ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲಿ ಖಾತ್ರಿ ಮಾಡಿಕೊಳ್ಳಿ. ಮೈನರ್ ಈ ಲೆಕ್ಕಕ್ಕೆ ಬರುವುದಿಲ್ಲ. ಪಿಯುವಿನಲ್ಲಿ ಗಣಿತ ಬಿಟ್ಟವರಾದ್ದರಿಂದ ಕ್ಯಾಲ್ಕುಲಸ್‌ಗೆ ಮೊದಲು ಒಂದು ಕೋರ್ಸು ಹೆಚ್ಚು ಬೇಕಾಗಬಹುದು, ಅದನ್ನೂ ಸೇರಿಸಿ ಲೆಕ್ಕ ಹಾಕಿ.

ಸ್ಕಾಲರ್‌ಶಿಪ್ ಪಟ್ಟಿ ನೋಡಿ ಖುಷಿಪಡುವ ಮೊದಲು ಅರ್ಹತೆಯ ಸಾಲು ಓದಿ. ಭಾಷೆ ಕಲಿಯಲಿಕ್ಕೆ ಕೊಡುವ ಫ್ಲಾಸ್ ಫೆಲೋಶಿಪ್ ಅಮೆರಿಕದ ನಾಗರಿಕರು ಮತ್ತು ಹಸಿರು ಕಾರ್ಡಿನವರಿಗೆ ಮಾತ್ರ. ಬೋರೆನ್, ಗಿಲ್ಮನ್ ಎಂಬ ಸ್ಕಾಲರ್‌ಶಿಪ್ ಕೂಡ ಅಲ್ಲಿಯವರಿಗೇ. ವಿದೇಶಿಯರ ಹಣದ ಅಗತ್ಯವನ್ನು ಲೆಕ್ಕಿಸದೆ ಸೀಟು ಕೊಟ್ಟು, ಕೊರತೆಯನ್ನು ಪೂರ್ತಿ ತುಂಬುವ ಕಾಲೇಜುಗಳು ಬೆರಳೆಣಿಕೆ: ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಅಮ್ಹರ್ಸ್ಟ್, ಡಾರ್ಟ್‌ಮತ್ ಈ ಸಾಲಿನವು. ಅಲ್ಲಿ ಸೀಟು ಸಿಗುವುದು ಎಷ್ಟು ಕಷ್ಟ ಎಂದು ಹೇಳಬೇಕಾಗಿಲ್ಲ.

ಮತ್ತೆ ಲ್ಯಾಟಿನೋ ಸ್ಟಡೀಸ್ ಡಿಗ್ರಿ ಹಿಡಿದು ಊರಿಗೆ ಬಂದರೆ ಏನು? ಕಾಲೇಜು ಅಧ್ಯಾಪಕರ ಅರ್ಹತೆಗೆ ಬರೆಯುವ ಯುಜಿಸಿ ನೆಟ್ ಪಟ್ಟಿಯಲ್ಲಿ ಸ್ಪ್ಯಾನಿಷ್ ಉಂಟು, ಲ್ಯಾಟಿನೋ ಸ್ಟಡೀಸ್ ಎಂಬ ವಿಷಯ ಇಲ್ಲ. ವಿದೇಶಾಂಗ ಸೇವೆಯ ಕನಸಿದ್ದರೆ, ಯುಪಿಎಸ್‌ಸಿ ಐಚ್ಛಿಕ ವಿಷಯಗಳಲ್ಲಿ ಸ್ಪ್ಯಾನಿಷ್ ಸಾಹಿತ್ಯ ಇಲ್ಲ. ಅಲ್ಲಿ ವಿದೇಶಿ ಭಾಷೆ ಹಂಚುವುದು ಆಯ್ಕೆಯಾದ ನಂತರ. ನನ್ನ ಮಟ್ಟಿಗೆ ಭಾರತೀಯರಿಗೆ ಲ್ಯಾಟಿನೋ ಸ್ಟಡೀಸ್ ಒಂಟಿ ಮೇಜರಾಗಿ ಬೇಡ.

ಪಾಂಡೇಶ್ವರ

ವೀಸಾದ ವಿವರ ಎಲ್ಲ ಸರಿ, ಕೊನೆಯ ಸಾಲಿಗೆ ಮಾತ್ರ ತಕರಾರು. ಭಾರತೀಯರಿಗೆ ಇದರಲ್ಲಿ ಏನಿದೆ ಎಂಬ ಪ್ರಶ್ನೆಗೆ ಉತ್ತರ ಚರಿತ್ರೆಯಲ್ಲೇ ಉಂಟು.

ನಮ್ಮ ಡಾಕ್ಟರು, ಎಂಜಿನಿಯರುಗಳಿಗೆ ಅಮೆರಿಕದ ಬಾಗಿಲು ತೆರೆದ 1965ರ ವಲಸೆ ಕಾಯ್ದೆಯೇ ಮೊದಲ ಬಾರಿಗೆ ಅಮೆರಿಕ ಖಂಡಗಳ ದೇಶಗಳಿಂದ ಬರುವವರಿಗೆ ವರ್ಷಕ್ಕೆ 1,20,000 ಎಂಬ ಮಿತಿ ಹಾಕಿತು. ಅದಕ್ಕೆ ಒಂದು ವರ್ಷ ಮೊದಲಷ್ಟೇ, 1964ರ ಕೊನೆಗೆ, ಮೆಕ್ಸಿಕೋದ ಕೂಲಿಗಳನ್ನು ಒಪ್ಪಂದದ ಮೇಲೆ ಕರೆತರುತ್ತಿದ್ದ ಬ್ರಸೆರೊ ಯೋಜನೆ ಮುಗಿದಿತ್ತು. ದುಡಿಯಲು ಬರುವ ಕಾನೂನಿನ ದಾರಿ ಹೀಗೆ ಎರಡೂ ಕಡೆಯಿಂದ ಕಿರಿದಾಯಿತು, ಕೆಲಸ ಮಾತ್ರ ಹೊಲದಲ್ಲಿ ಹಾಗೇ ಇತ್ತು. ದಾಖಲೆಯಿಲ್ಲದ ವಲಸೆ ಬೆಳೆದದ್ದಕ್ಕೆ ಇದೊಂದು ದೊಡ್ಡ ಕಾರಣ. ಒಂದೇ ಕಾನೂನು, ಒಬ್ಬರಿಗೆ ಬಾಗಿಲು, ಇನ್ನೊಬ್ಬರಿಗೆ ಗೋಡೆ.

ಇನ್ನೂ ಹಿಂದೆ ಹೋದರೆ, ಇಪ್ಪತ್ತನೇ ಶತಮಾನದ ಆದಿಯಲ್ಲಿ ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕಣಿವೆಗೆ ಬೇಸಾಯಕ್ಕೆ ಹೋದ ಪಂಜಾಬಿ ಗಂಡಸರು ಮೆಕ್ಸಿಕನ್ ಹೆಂಗಸರನ್ನು ಮದುವೆಯಾದರು. ಊರಿನಿಂದ ಹೆಂಡತಿಯನ್ನು ಕರೆತರಲು ವಲಸೆ ಕಾನೂನು ಬಿಡುತ್ತಿರಲಿಲ್ಲ, ಬಿಳಿಯರನ್ನು ಮದುವೆಯಾಗಲು ರಾಜ್ಯದ ಕಾನೂನು ಬಿಡುತ್ತಿರಲಿಲ್ಲ. ಅಂಥ ನೂರಾರು ಕುಟುಂಬಗಳು ಅಲ್ಲಿ ಬೆಳೆದವು. ಇದನ್ನು ಓದಿಸುವುದು ಸ್ಪ್ಯಾನಿಷ್ ವಿಭಾಗವಲ್ಲ, ಚಿಕಾನೋ ಮತ್ತು ಎಥ್ನಿಕ್ ಸ್ಟಡೀಸ್ ಕಡೆಯವರು.

ಒಂಟಿ ಮೇಜರ್ ಬೇಡ ಎಂಬುದು ಒಪ್ಪಿಗೆ. ಬೇಡವೇ ಬೇಡ ಎಂಬುದಕ್ಕೆ ಒಪ್ಪಿಗೆ ಇಲ್ಲ.

ಕಡಿಯಾಳಿ_ಪೇಟೆ

ತುಂಬಾ ಧನ್ಯವಾದ ಎಲ್ಲರಿಗೂ. ಹಾಗಾದರೆ ಎರಡು ಜೋಡಿ ಮನಸ್ಸಲ್ಲಿ ಉಂಟು. ಒಂದು, ಸಮಾಜಶಾಸ್ತ್ರ ಮೇಜರ್, ಅದರೊಟ್ಟಿಗೆ ಲ್ಯಾಟಿನೋ ಸ್ಟಡೀಸ್ ಮೇಜರ್. ಎರಡು, ಲ್ಯಾಟಿನ್ ಅಮೆರಿಕನ್ ಸ್ಟಡೀಸ್ ಮೇಜರ್, ಸ್ಪ್ಯಾನಿಷ್ ಮೈನರ್. ಯಾವುದು ಮೇಲು? ಮನೆಯಲ್ಲಿ ‘ಭಾರತದಲ್ಲೇ ಓದಬಾರದಾ’ ಎಂಬ ಪ್ರಶ್ನೆಯೂ ಉಂಟು.

ಹಂಪನಕಟ್ಟೆ_ಸರ್ಕಲ್

ಮನೆಯವರ ಪ್ರಶ್ನೆ ತೆಗೆದುಹಾಕುವಂಥದ್ದಲ್ಲ. ಸೊನ್ನೆಯಿಂದ ಸ್ಪ್ಯಾನಿಷ್ ಕಲಿಸುವ ಬಿಎ ಆನರ್ಸ್ ದೆಹಲಿಯ ಜೆಎನ್‌ಯುನಲ್ಲಿ ಉಂಟು, ದೆಹಲಿ ವಿಶ್ವವಿದ್ಯಾಲಯದ ಜರ್ಮಾನಿಕ್ ಮತ್ತು ರೊಮಾನ್ಸ್ ಸ್ಟಡೀಸ್ ವಿಭಾಗದಲ್ಲಿ ಉಂಟು, ಹೈದರಾಬಾದಿನ ಇಫ್ಲು ಎಂಬ ಭಾಷಾ ವಿಶ್ವವಿದ್ಯಾಲಯದಲ್ಲಿ ಉಂಟು. ದೆಹಲಿಯ ಜಾಮಿಯಾ ಮಿಲಿಯಾ ವಿಶ್ವವಿದ್ಯಾಲಯದಲ್ಲಿ ಸ್ಪ್ಯಾನಿಷ್ ಜೊತೆಗೆ ಲ್ಯಾಟಿನ್ ಅಮೆರಿಕನ್ ಸ್ಟಡೀಸ್ ಸೇರಿಸಿದ ಬಿಎ ಇದೆ. ಜೆಎನ್‌ಯು, ದೆಹಲಿ ವಿ.ವಿ.ಗೆ ಸಿಯುಇಟಿ ಪ್ರವೇಶ ಪರೀಕ್ಷೆ ಬರೆಯಬೇಕು. ಅರ್ಜಿಯಲ್ಲಿ ಯಾವ ಪೇಪರುಗಳನ್ನು ಆರಿಸಬೇಕು ಎಂಬುದು ಕೋರ್ಸಿಗೆ ಕೋರ್ಸಿಗೆ ಬೇರೆ, ತಪ್ಪು ಪೇಪರ್ ಬರೆದರೆ ಅಂಕ ಎಷ್ಟಿದ್ದರೂ ಪ್ರಯೋಜನ ಇಲ್ಲ. ಆಯಾ ವರ್ಷದ ಪ್ರಕಟಣೆ ನೋಡಿಯೇ ಆರಿಸಿ.

ಇಲ್ಲಿ ಸ್ಪ್ಯಾನಿಷ್ ಗಟ್ಟಿ ಮಾಡಿಕೊಂಡು ಎಂಎಗೆ ಹೊರಗೆ ಹೋದರೆ ನಾಲ್ಕು ವರ್ಷದ ಡಾಲರ್ ಖರ್ಚು ಎರಡು ವರ್ಷಕ್ಕೆ ಇಳಿಯುತ್ತದೆ. ಹೊರಗೆ ಹೋಗದೇ ಇದ್ದರೂ ಜೆಎನ್‌ಯುನ ಅಂತರರಾಷ್ಟ್ರೀಯ ಅಧ್ಯಯನ ಶಾಲೆಯಲ್ಲಿ ಲ್ಯಾಟಿನ್ ಅಮೆರಿಕದ ಮೇಲೆ ಸಂಶೋಧನೆಗೆ ಜಾಗ ಉಂಟು. ಕೊರತೆ ಏನೆಂದರೆ, ಅಮೆರಿಕದೊಳಗಿನ ಲ್ಯಾಟಿನೋ ಸಮುದಾಯಗಳ ಓದು ಈ ಬಿಎಗಳಲ್ಲಿ ತೆಳು. ಮತ್ತೆ ಮೂರು ವರ್ಷಕ್ಕೆ ನಿಲ್ಲಿಸಿದರೆ ಕೆಲವು ಅಮೆರಿಕನ್ ವಿಶ್ವವಿದ್ಯಾಲಯಗಳು ಎಂಎಗೆ ತಕರಾರು ತೆಗೆಯುತ್ತವೆ; ನಾಲ್ಕನೇ ವರ್ಷದ ಆಯ್ಕೆ ಇದ್ದಲ್ಲಿ ಮುಗಿಸಿಕೊಳ್ಳಿ.

ಪ್ರಮಾಣಪತ್ರದ ವಿಷಯ: ಡೆಲೆ ಎಂಬ ಸ್ಪ್ಯಾನಿಷ್ ಪರೀಕ್ಷೆಯನ್ನು ಸ್ಪೇನ್ ಸರ್ಕಾರದ ಪರವಾಗಿ ಸೆರ್ವಾಂತೆಸ್ ಸಂಸ್ಥೆ ನಡೆಸುತ್ತದೆ, ದೆಹಲಿಯಲ್ಲಿ ಅವರ ಕೇಂದ್ರ ಇದೆ. ಎ1ರಿಂದ ಸಿ2ರವರೆಗೆ ಆರು ಮಟ್ಟ, ಒಮ್ಮೆ ಪಾಸಾದರೆ ಆಯಸ್ಸು ಮುಗಿಯುವುದಿಲ್ಲ. ಬಿ1, ಬಿ2ರಲ್ಲಿ ಓದು ಮತ್ತು ಬರಹ ಒಂದು ಗುಂಪು, ಕೇಳುವುದು ಮತ್ತು ಮಾತು ಇನ್ನೊಂದು. ಎರಡರಲ್ಲೂ ಬೇರೆ ಬೇರೆಯಾಗಿ 50ಕ್ಕೆ 30 ಬರಬೇಕು. ಒಂದರಲ್ಲಿ 48 ತೆಗೆದು ಇನ್ನೊಂದರಲ್ಲಿ 29 ಆದರೆ ಫೇಲು. ನಮ್ಮವರು ಸೋಲುವುದು ಕೇಳುವುದರಲ್ಲಿ, ಯಾಕೆಂದರೆ ಪುಸ್ತಕದಿಂದ ಕಲಿತಿರುತ್ತಾರೆ. ಸಿಯೆಲೆ ಎಂಬ ಇನ್ನೊಂದು ಪರೀಕ್ಷೆ ಕಂಪ್ಯೂಟರಿನಲ್ಲಿ. ಅದರಲ್ಲಿ ಪಾಸು ಫೇಲು ಇಲ್ಲ, ಬಂದ ಅಂಕಕ್ಕೆ ತಕ್ಕ ಮಟ್ಟ ಕೊಡುತ್ತಾರೆ, ಐದು ವರ್ಷ ಊರ್ಜಿತ. ಕಾಲೇಜಿನಲ್ಲಿ ಮೆಟ್ಟಿಲು ತಪ್ಪಿಸಲಿಕ್ಕೆ ಇವು ಕಡ್ಡಾಯವಲ್ಲ, ಯಾವ ಮೆಟ್ಟಿಲಿಗೆ ಸೇರಿಸುವುದು ಎಂದು ನೋಡುವ ಅವರದೇ ಪ್ಲೇಸ್‌ಮೆಂಟ್ ಪರೀಕ್ಷೆ ಇರುತ್ತದೆ. ಆದರೆ ಅರ್ಜಿಯಲ್ಲಿ ‘ಸ್ಪ್ಯಾನಿಷ್ ಕಲಿಯುತ್ತಿದ್ದೇನೆ’ ಅನ್ನುವುದಕ್ಕಿಂತ ‘ಡೆಲೆ ಬಿ1’ ಎಂಬ ಎರಡು ಶಬ್ದಕ್ಕೆ ತೂಕ ಜಾಸ್ತಿ.

ಕಲ್ಸಂಕ_ಸೇತುವೆ

ಜೋಡಿಯ ಪ್ರಶ್ನೆಗೆ: ಮೊದಲನೆಯದು, ಅಂದರೆ ಸಮಾಜಶಾಸ್ತ್ರ ಮತ್ತು ಲ್ಯಾಟಿನೋ ಸ್ಟಡೀಸ್. ಲ್ಯಾಟಿನ್ ಅಮೆರಿಕನ್ ಸ್ಟಡೀಸ್ ಒಂದು ಪ್ರದೇಶವನ್ನು ಕೊಡುತ್ತದೆ, ವಿಧಾನವನ್ನು ಕೊಡುವುದಿಲ್ಲ. ಸಮೀಕ್ಷೆ ಹೇಗೆ ಮಾಡುವುದು, ಸಂದರ್ಶನ ಹೇಗೆ ದಾಖಲಿಸುವುದು, ಅಂಕಿಅಂಶ ಹೇಗೆ ಓದುವುದು, ಇದನ್ನೆಲ್ಲ ಸಮಾಜಶಾಸ್ತ್ರದ ಕಡ್ಡಾಯ ಕೋರ್ಸುಗಳು ಕಲಿಸುತ್ತವೆ. ಊರಿಗೆ ಬಂದರೂ ಸಮಾಜಶಾಸ್ತ್ರ ಎಂಬ ಹೆಸರು ಎಲ್ಲರಿಗೂ ಅರ್ಥವಾಗುತ್ತದೆ. ಒಂದೆರಡು ಕೋರ್ಸು ಎರಡೂ ಮೇಜರಿಗೆ ಲೆಕ್ಕಕ್ಕೆ ಬರಬಹುದು. ಎಷ್ಟು ಕ್ರೆಡಿಟ್ ಹಾಗೆ ಬಿಡುತ್ತಾರೆ ಎಂದು ಕೇಳಿ. ಈ ಜೋಡಿಗೂ ಸ್ಟೆಮ್ ವಿಸ್ತರಣೆ ಇಲ್ಲ, ಅದು ನೆನಪಿರಲಿ.

ಅಂತಿಮ ವರ್ಷದ ಪ್ರಬಂಧಕ್ಕೆ ನಿಮ್ಮ ಊರೇ ಬಂಡವಾಳ. ಬ್ರಸೆರೊ ಯೋಜನೆ 1942ರಿಂದ 1964ರವರೆಗೆ ನಡೆದದ್ದು, ಸುಮಾರು 46 ಲಕ್ಷ ಒಪ್ಪಂದ. ಒಬ್ಬನೇ ಹಲವು ಸಲ ಹೋದದ್ದರಿಂದ ಇದು ತಲೆಲೆಕ್ಕವಲ್ಲ. ಆರಂಭದ ವರ್ಷಗಳಲ್ಲಿ ಕೂಲಿಯ ಹತ್ತು ಶೇಕಡಾ ಉಳಿತಾಯ ಎಂದು ಹಿಡಿದಿಟ್ಟರು, ಎಷ್ಟೋ ಜನರಿಗೆ ಅದು ಕೈಗೇ ಬರಲಿಲ್ಲ. ಕೆಲಸ ಕೊಟ್ಟ ಧಣಿಗೆ ಕಟ್ಟಿಹಾಕುವ ಈ ಒಪ್ಪಂದವನ್ನು ಗಲ್ಫಿನ ಕಫಾಲಾ ಎಂಬ, ಧಣಿಯ ಹಿಡಿತದ ವೀಸಾ ಪದ್ಧತಿಯ ಪಕ್ಕದಲ್ಲಿಟ್ಟು ನೋಡುವವರಿಗೆ ಕರಾವಳಿಯ ಮನೆಗಳ ಪರಿಚಯ ಇರುವುದು ದೊಡ್ಡ ಲಾಭ. ವೀಸಾ ಸಂದರ್ಶನದಲ್ಲಿ ‘ಉಡುಪಿಯವರಿಗೆ ಲ್ಯಾಟಿನೋ ಸ್ಟಡೀಸ್ ಯಾಕೆ’ ಎಂದು ಕೇಳಿಯೇ ಕೇಳುತ್ತಾರೆ. ಉತ್ತರವೂ ಇದೇ, ಎರಡು ವಾಕ್ಯದಲ್ಲಿ ಹೇಳಲಿಕ್ಕೆ ಬರಬೇಕು.

ಕಾಲೇಜು ಆರಿಸುವಾಗ ಕ್ಯಾಟಲಾಗನ್ನು ನಂಬಬೇಡಿ. ಅದರಲ್ಲಿ ಮೂವತ್ತು ಕೋರ್ಸು ಇರುತ್ತವೆ, ನಡೆಯುವುದು ಎಂಟು. ಹಿಂದಿನ ನಾಲ್ಕು ಸೆಮಿಸ್ಟರುಗಳ ತರಗತಿ ವೇಳಾಪಟ್ಟಿ ತೆಗೆದು, ಮೇಜರಿನ ಕಡ್ಡಾಯ ಕೋರ್ಸುಗಳು ನಿಜವಾಗಿ ನಡೆದಿವೆಯೇ ನೋಡಿ. ವಿಭಾಗದಲ್ಲಿ ಪೂರ್ಣಾವಧಿ ಅಧ್ಯಾಪಕರು ಎಷ್ಟು, ಬೇರೆ ವಿಭಾಗದಿಂದ ಹೆಸರು ಕೊಟ್ಟವರು ಎಷ್ಟು ಎಂದು ಎಣಿಸಿ. ಇಬ್ಬರೇ ಇದ್ದು ಅವರಲ್ಲಿ ಒಬ್ಬರು ರಜೆ ಹಾಕಿದರೆ ನಿಮ್ಮ ಪ್ರಬಂಧಕ್ಕೆ ಮಾರ್ಗದರ್ಶಕರೇ ಇಲ್ಲ. ಸಣ್ಣ ವಿಭಾಗ ಮುಚ್ಚುವುದೂ ಉಂಟು: 2023ರಲ್ಲಿ ವೆಸ್ಟ್ ವರ್ಜಿನಿಯಾ ವಿಶ್ವವಿದ್ಯಾಲಯ 28 ಮೇಜರುಗಳನ್ನು ಕೈಬಿಟ್ಟಿತು, ವಿದೇಶಿ ಭಾಷೆಗಳ ಮೇಜರುಗಳೂ ಅದರಲ್ಲಿ ಸೇರಿದ್ದವು. ಸೇರಿದ ಮೇಲೆ ಮುಚ್ಚಿದರೆ ಈಗಿರುವವರಿಗೆ ಮುಗಿಸಲು ಅವಕಾಶ ಕೊಡುತ್ತೀರಾ ಎಂದು ಕೇಳಲು ನಾಚಿಕೆ ಬೇಡ.

ಮೊದಲ ವರ್ಷವೇ ಮೇಜರ್ ಘೋಷಿಸಬೇಕೆಂದಿಲ್ಲ, ಹೆಚ್ಚಿನ ಕಡೆ ಎರಡನೇ ವರ್ಷದ ಕೊನೆಯವರೆಗೆ ಸಮಯ ಇರುತ್ತದೆ. ಮೊದಲ ಸೆಮಿಸ್ಟರಿನಲ್ಲಿ ಸ್ಪ್ಯಾನಿಷ್, ಸಮಾಜಶಾಸ್ತ್ರ ಪರಿಚಯ, ಲ್ಯಾಟಿನೋ ಸ್ಟಡೀಸ್ ಪರಿಚಯ ಈ ಮೂರು ಹಾಕಿ. ಎಫ್-1 ಎಂಬ ವಿದ್ಯಾರ್ಥಿ ವೀಸಾಕ್ಕೆ ಸೆಮಿಸ್ಟರಿಗೆ ಕನಿಷ್ಠ 12 ಕ್ರೆಡಿಟ್ ಬೇಕು, ಆದರೆ ನಾಲ್ಕು ವರ್ಷದಲ್ಲಿ ಮುಗಿಯಬೇಕಾದರೆ 15. ಈ ವ್ಯತ್ಯಾಸ ಮರೆತು 12ರಲ್ಲೇ ಆರಾಮ ಇದ್ದವರು ಐದನೇ ವರ್ಷಕ್ಕೆ ಹೋಗುತ್ತಾರೆ.

ಬೋಳಾರ_ದಕ್ಕೆ

ಪ್ಲೇಸ್‌ಮೆಂಟ್ ಪರೀಕ್ಷೆಯ ಬಗ್ಗೆ ಒಂದೇ ಮಾತು. ಮನೆಯಿಂದಲೇ ಬರೆಯುವ ಆನ್‌ಲೈನ್ ಪರೀಕ್ಷೆ ಅಂತ ಅನುವಾದದ ಆ್ಯಪ್ ಪಕ್ಕದಲ್ಲಿಟ್ಟು ಬರೆಯಬೇಡಿ. ಇಲ್ಲದ ಅಂಕ ಬಂದು 300ರ ತರಗತಿಯಲ್ಲಿ ಕೂತರೆ, ಅಕ್ಕಪಕ್ಕದಲ್ಲಿ ಮನೆಯಲ್ಲೇ ಸ್ಪ್ಯಾನಿಷ್ ಮಾತಾಡಿ ಬೆಳೆದ ಮಕ್ಕಳು ಇರುತ್ತಾರೆ, ನಿಮಗೆ ಪಾಠದ ತಲೆಬುಡ ಸಿಗುವುದಿಲ್ಲ. ಕೆಳಗಿನ ತರಗತಿಗೆ ಇಳಿಯೋಣ ಅಂದರೆ ಹೆಸರು ಸೇರಿಸುವ ಗಡುವು ಮೊದಲ ಒಂದೆರಡು ವಾರಕ್ಕೇ ಮುಗಿದಿರುತ್ತದೆ. ಕೋರ್ಸು ಬಿಟ್ಟರೆ 12 ಕ್ರೆಡಿಟ್ಟಿಗಿಂತ ಕೆಳಗೆ ಹೋಗಿ ವೀಸಾಕ್ಕೆ ಪೆಟ್ಟು. ಪ್ರಾಮಾಣಿಕವಾಗಿ ಬರೆದು 201ಕ್ಕೆ ಬಿದ್ದರೂ ನಷ್ಟ ಇಲ್ಲ. ಕೆಲವು ಕಾಲೇಜುಗಳು 201ನ್ನು ಬಿ ಗ್ರೇಡಿನಲ್ಲಿ ಮುಗಿಸಿದವರಿಗೆ ಹಾರಿಸಿದ 101, 102ರ ಕ್ರೆಡಿಟ್ಟನ್ನೂ ಪುಕ್ಸಟ್ಟೆ ಕೊಡುತ್ತವೆ. ಆ ನಿಯಮ ಇದೆಯೇ ಎಂದು ಸ್ಪ್ಯಾನಿಷ್ ವಿಭಾಗಕ್ಕೆ ಮೊದಲೇ ಬರೆದು ಕೇಳಿ, ಉತ್ತರದ ಇಮೇಲ್ ಅಳಿಸದೆ ಇಟ್ಟುಕೊಳ್ಳಿ.